ಕಪಾಟಿನ ಡಿವಿಡಿಗಳನ್ನು ಉಳಿಸಿಕೊಳ್ಳುವುದು: ಮ್ಯಾಕ್ ಗಣಕಯಂತ್ರಕ್ಕೆ ಉಚಿತ ತಂತ್ರಾಂಶದ ಆಯ್ಕೆ

ಹೊಸೂರು, ತಳಿ, ಡೆಂಕಣಿಕೋಟೆ, ಶೂಲಗಿರಿ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಕಬ್ಬಿಣದ ಕಪಾಟುಗಳನ್ನು ತೆರೆದರೆ, ಹಳೆಯ ಹಾಜರಿ ಪುಸ್ತಕಗಳ ಹಿಂದೆ ಡಿವಿಡಿಗಳ ಒಂದೆರಡು ಕಟ್ಟು ಕಾಣಸಿಗುವುದುಂಟು. ಶಾಲಾ ವಾರ್ಷಿಕೋತ್ಸವ, ಮಕ್ಕಳ ನಾಟಕ, ಮುಖ್ಯೋಪಾಧ್ಯಾಯರ ಬೀಳ್ಕೊಡುಗೆ, ಊರಿನ ಹಿರಿಯ ಹೆಂಗಸರು ಹಾಡಿದ ಸೋಬಾನೆ ಪದಗಳು, ಕೋಲಾಟ ಇತ್ಯಾದಿಗಳನ್ನು ಸ್ಥಳೀಯ ಸ್ಟುಡಿಯೋದವರು ಚಿತ್ರೀಕರಿಸಿ ಡಿವಿಡಿಗೆ ಬರೆದು ಕೊಟ್ಟಿರುತ್ತಾರೆ. ಇಂದು ಅವನ್ನು ನೋಡೋಣವೆಂದರೆ ಡಿವಿಡಿ ಪ್ಲೇಯರ್ ಕೆಟ್ಟು ಮೂಲೆ ಸೇರಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ತೂರಿಸುವ ಸೀಳೇ ಇಲ್ಲ.

ಈ ದೃಶ್ಯಗಳು ಗಡಿಭಾಗದ ಶಿಕ್ಷಕರಿಗೆ ಬರಿಯ ನೆನಪಿನ ವಸ್ತುಗಳಲ್ಲ. ಬೆಂಗಳೂರು ನಮಗೆ ನಲವತ್ತು ಕಿಲೋಮೀಟರ್ ದೂರದಲ್ಲಿದ್ದರೂ ಅಲ್ಲಿಂದ ಬರುವ ಧ್ವನಿಮುದ್ರಿತ ಪಾಠಗಳ ಕನ್ನಡ ನಮ್ಮ ಮಕ್ಕಳ ಮನೆಯ ಕನ್ನಡವಲ್ಲ. ತೆಲುಗು, ತಮಿಳು, ಉರ್ದುಗಳ ನಡುವೆ ಬೆಳೆದ ಈ ಸೀಮೆಯ ನುಡಿಗೆ ತನ್ನದೇ ಆದ ಪದಗಳೂ ರಾಗವೂ ಇವೆ. 2006ರ ತಮಿಳು ಕಲಿಕಾ ಕಾಯಿದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಡ್ಡಾಯವಾಗಿ ಕಲಿಯುತ್ತಿದ್ದಾರೆ. ಅದು ಅವರಿಗೆ ಬೇಕಾದುದೇ. ಆದರೆ ಮನೆಮಾತಿಗೆ ಶಾಲೆಯಲ್ಲಿ ದೊರೆಯುವ ಹೊತ್ತು ಕಿರಿದಾದಷ್ಟೂ, ಆ ಹೊತ್ತಿನಲ್ಲಿ ಕೇಳಿಸುವ ಧ್ವನಿ ಯಾರದು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ತನ್ನ ಅಜ್ಜಿಯ ಹಾಡನ್ನು ತರಗತಿಯ ಪರದೆಯ ಮೇಲೆ ಕಂಡ ಮಗು ಬಾಯಿ ಬಿಡುವ ರೀತಿಯೇ ಬೇರೆ.

ಮುದ್ರಿಕೆಗಳು ಮಾತ್ರ ನಮಗಾಗಿ ಕಾಯುವುದಿಲ್ಲ. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿವಿಡಿಯನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ. ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್ ಹಾಗಲ್ಲ. ಅದರಲ್ಲಿ ಮಾಹಿತಿ ಒಂದು ತೆಳುವಾದ ಬಣ್ಣದ ಪದರದಲ್ಲಿ ಅಡಗಿರುತ್ತದೆ. ಬಿಸಿಲು, ಸೆಖೆ, ತೇವಗಳಿಗೆ ಆ ಬಣ್ಣ ಮಾಸುತ್ತದೆ. ಮಾಸಿದ ಮೇಲೆ ಯಾವ ತಂತ್ರಾಂಶವೂ ಅದನ್ನು ಮರಳಿ ತರಲಾರದು.

ಕೆಲವು ಬೇಸಿಗೆಗಳ ಹಿಂದೆ ನಾನು ಇದನ್ನು ನಷ್ಟಪಟ್ಟು ಕಲಿತೆ. ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಹಳೆಯ ಮ್ಯಾಕ್‌ಬುಕ್ ಅನ್ನು ಶಾಲೆಗೆ ಕೊಟ್ಟಿದ್ದರು. ರಜೆಯಲ್ಲಿ ಕುಳಿತು, ಜಾಲದಲ್ಲಿ ಮೊದಲು ಕಂಡ ‘ಉಚಿತ’ ಪರಿವರ್ತಕವೊಂದನ್ನು ಇಳಿಸಿಕೊಂಡು, ಹನ್ನೊಂದು ಡಿವಿಡಿಗಳನ್ನು ಒಂದರ ಮೇಲೊಂದರಂತೆ ಪರಿವರ್ತಿಸಿದೆ. ಪ್ರತಿ ಸಲವೂ ಕೆಲಸ ಪೂರ್ಣವಾಯಿತೆಂಬ ಸಂದೇಶ ಬಂತು. ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿ ನೆಮ್ಮದಿಯಿಂದ ಇದ್ದೆ. ಶಾಲೆ ತೆರೆದ ಮೇಲೆ ತರಗತಿಯಲ್ಲಿ ಹಾಕಿ ನೋಡಿದರೆ, ಪ್ರತಿ ಕಡತದಲ್ಲಿಯೂ ಮೊದಲ ಐದು ನಿಮಿಷ ಮಾತ್ರ ಇತ್ತು. ಆ ಐದು ನಿಮಿಷದ ನಡುಮಧ್ಯದಲ್ಲಿಯೂ ತಂತ್ರಾಂಶದ ಹೆಸರು ಅಡ್ಡಲಾಗಿ ಮುದ್ರಿತವಾಗಿತ್ತು. ಉಳಿದುದಕ್ಕೆ ಹಣ ಕಟ್ಟಬೇಕಿತ್ತಂತೆ. ಮತ್ತೆ ಕಪಾಟಿನ ಬಳಿಗೆ ಹೋಗಿ ಡಿವಿಡಿಗಳನ್ನು ತೆಗೆದೆ. ಒಂಬತ್ತು ತೆರೆದುಕೊಂಡವು, ಎರಡು ತೆರೆಯಲಿಲ್ಲ. ಆ ಎರಡರಲ್ಲಿ ಒಂದು ರಾಗಿ ಬೀಸುವ ಪದಗಳದು. ಹಾಡಿದವರು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ಮುದ್ರಿಕೆ ರಜೆಯಲ್ಲಿ ಕೊನೆಯ ಬಾರಿಗೆ ತೆರೆದುಕೊಂಡಾಗ, ಅದರಿಂದ ಐದು ನಿಮಿಷವನ್ನಷ್ಟೇ ತೆಗೆದುಕೊಂಡು ಹೊರಗಿಟ್ಟವನು ನಾನೇ.

ಆದ್ದರಿಂದ ಯಾವ ತಂತ್ರಾಂಶ ವೇಗವಾದದ್ದು, ಯಾವುದರ ಮುಖ ಚೆಂದ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ನಮ್ಮ ಮುದ್ರಿಕೆಯನ್ನು ಬಹುಶಃ ಒಂದೇ ಬಾರಿ ಓದಲು ಸಾಧ್ಯವಾಗಬಹುದು. ಆ ಒಂದು ಬಾರಿಯನ್ನು ಯಾವುದರ ಕೈಗೆ ಒಪ್ಪಿಸಬೇಕು?

ಮೊದಲು ಮುದ್ರಿಕೆಯ ಜಾತಿಯನ್ನು ತಿಳಿಯಿರಿ

ಕಪಾಟಿನಲ್ಲಿ ಹೊಳೆಯುವ ತಟ್ಟೆಗಳೆಲ್ಲ ಡಿವಿಡಿಗಳಲ್ಲ. ಮ್ಯಾಕ್‌ನಲ್ಲಿ ಮುದ್ರಿಕೆಯನ್ನು ಹಾಕಿ ಫೈಂಡರ್‌ನಲ್ಲಿ ತೆರೆದಾಗ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಂಡರೆ ಅದು ವಿಡಿಯೋ ಡಿವಿಡಿ. ಅದರೊಳಗಿನ ‘ವಿಓಬಿ’ ಕಡತಗಳಲ್ಲಿ ದೃಶ್ಯ, ಧ್ವನಿ, ಉಪಶೀರ್ಷಿಕೆಗಳು ಒಟ್ಟಿಗೆ ಹೆಣೆದುಕೊಂಡಿರುತ್ತವೆ. ಪ್ರತಿ ವಿಓಬಿ ಒಂದು ಗಿಗಾಬೈಟಿಗೆ ಮೀರದಂತೆ ತುಂಡಾಗಿರುವುದರಿಂದ ಒಂದೇ ನಾಟಕ ಮೂರು ನಾಲ್ಕು ಕಡತಗಳಲ್ಲಿ ಹಂಚಿಹೋಗಿರುವುದು ಸಹಜ. ‘ಎಂಪೆಗ್ ಎವಿ’ ಎಂಬ ಫೋಲ್ಡರ್ ಕಂಡರೆ ಅದು ವಿಸಿಡಿ. ನಮ್ಮ ಕಡೆ ಡಿವಿಡಿಗಿಂತ ಮೊದಲು ಮನೆಮನೆಗೂ ಬಂದದ್ದು ಅದೇ. ವಿಸಿಡಿಯ ಚಿತ್ರ 352 × 288 ಚುಕ್ಕೆಗಳಷ್ಟು ಚಿಕ್ಕದು. ಅದಕ್ಕೆ ವಿಎಲ್‌ಸಿಯೇ ಸಾಕು; ಕೆಳಗೆ ಹೇಳುವ ಕ್ರಮ ಅದಕ್ಕೆ ಅನ್ವಯಿಸುವುದಿಲ್ಲ. ಈ ಎರಡೂ ಇಲ್ಲದೆ ಬೇರೆ ಕಡತಗಳಿದ್ದರೆ ಅದು ಗಣಕಯಂತ್ರದ ಪಾಠಗಳನ್ನೋ ಆಟಗಳನ್ನೋ ತುಂಬಿದ ದತ್ತಾಂಶದ ಮುದ್ರಿಕೆ. ಅದನ್ನು ಯಾವ ವಿಡಿಯೋ ಪರಿವರ್ತಕಕ್ಕೂ ಕೊಡುವಂತಿಲ್ಲ.

ಮುದ್ರಿಕೆಯನ್ನು ಒಳಗೆ ಹಾಕುವ ಮುನ್ನ ಅಂಗೈಯಲ್ಲಿಟ್ಟು ನೋಡಬೇಕು. ಕೈಕ್ಯಾಮೆರಾಗಳಲ್ಲಿ ಬಳಕೆಯಾಗುತ್ತಿದ್ದ ಎಂಟು ಸೆಂಟಿಮೀಟರಿನ ಪುಟ್ಟ ಡಿವಿಡಿಗಳನ್ನು ಹಳೆಯ ಮ್ಯಾಕ್‌ಬುಕ್‌ಗಳ ಸೀಳಿನೊಳಗೆ ಎಂದಿಗೂ ತೂರಿಸಬಾರದು. ಅವು ಒಳಗೇ ಸಿಕ್ಕಿಕೊಳ್ಳುತ್ತವೆ. ಅಂಚು ಬಿರುಕು ಬಿಟ್ಟವು, ಮೇಲೆ ಅಂಟಿಸಿದ ಕಾಗದ ಕಿತ್ತುಬರುತ್ತಿರುವವು ಸಹ ಹಾಗೆಯೇ. ಇಂಥವಕ್ಕೆ ತಟ್ಟೆ ಹೊರಬರುವ ಮಾದರಿಯ ಯುಎಸ್‌ಬಿ ಡ್ರೈವ್ ಬೇಕು. ಧೂಳನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತಲೂ ತಿರುಗಿಸಿ ಒರೆಸಿದರೆ, ಬೀಳುವ ಗೀರು ಮಾಹಿತಿ ಸಾಗುವ ದಾರಿಯುದ್ದಕ್ಕೂ ಬೀಳುತ್ತದೆ.

ಡ್ರೈವ್ ಇಲ್ಲದ ಮ್ಯಾಕ್ ಇಂದು ಸಾಮಾನ್ಯ. 2012ರ ಮಧ್ಯದ ಹದಿಮೂರು ಅಂಗುಲದ ಮ್ಯಾಕ್‌ಬುಕ್ ಪ್ರೊ 2016ರವರೆಗೆ ಮಾರಾಟದಲ್ಲಿತ್ತು. ಡಿವಿಡಿ ಡ್ರೈವ್ ಒಳಗೇ ಇದ್ದ ಕೊನೆಯ ಮ್ಯಾಕ್ ಅದು. ಅನಂತರದ ಯಂತ್ರಗಳಿಗೆ ಹೊರಗಿನ ಡ್ರೈವ್ ಜೋಡಿಸಬೇಕು. ಡ್ರೈವಿಗೆ ಪ್ರದೇಶ ಸಂಖ್ಯೆಯೊಂದಿರುತ್ತದೆ. ಭಾರತದ ಸಂಖ್ಯೆ 5. ಅಮೆರಿಕದಲ್ಲಿರುವ ಬಂಧುಗಳು ತಂದುಕೊಟ್ಟ ಡಿವಿಡಿ ಹಾಕಿದಾಗ ಪ್ರದೇಶ ಬದಲಿಸಬೇಕೇ ಎಂದು ಮ್ಯಾಕ್ ಕೇಳಬಹುದು. ಐದು ಬಾರಿ ಬದಲಾಯಿಸಿದ ಮೇಲೆ ಡ್ರೈವ್ ಕೊನೆಯ ಪ್ರದೇಶದಲ್ಲೇ ಬೀಗ ಹಾಕಿಕೊಳ್ಳುತ್ತದೆ. ಸುಮ್ಮನೆ ಒಪ್ಪಿಗೆಯ ಗುಂಡಿ ಒತ್ತಬೇಡಿ.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನ ‘ಫ್ರೀ’ ಎಂಬ ಪದ ಎರಡು ಅರ್ಥಗಳನ್ನು ಒಂದೇ ಚೀಲದಲ್ಲಿ ಕಟ್ಟಿಡುತ್ತದೆ. ಕನ್ನಡದಲ್ಲಿ ಆ ತೊಡಕು ಇಲ್ಲ. ಬೆಲೆ ಇಲ್ಲದ್ದು ಉಚಿತ, ಆಡುಮಾತಿನಲ್ಲಿ ಪುಕ್ಕಟೆ. ಬಳಸಲು, ಒಳಗನ್ನು ನೋಡಲು, ತಿದ್ದಲು, ಹಂಚಲು ಅಡ್ಡಿಯಿಲ್ಲದ್ದು ಮುಕ್ತ. ನನ್ನ ಹನ್ನೊಂದು ಕಡತಗಳನ್ನು ಹಾಳುಮಾಡಿದ್ದು ಪುಕ್ಕಟೆ ತಂತ್ರಾಂಶವೇ ಹೊರತು ಮುಕ್ತ ತಂತ್ರಾಂಶವಲ್ಲ. ಮುಕ್ತ ತಂತ್ರಾಂಶದ ಆಕರ ಸಂಹಿತೆ ಎಲ್ಲರ ಕಣ್ಣೆದುರಿಗೆ ಇರುತ್ತದೆ. ಐದು ನಿಮಿಷಕ್ಕೆ ನಿಲ್ಲಿಸುವ ಬೀಗವನ್ನು ಅದರಲ್ಲಿ ಯಾರಾದರೂ ಇಟ್ಟರೆ ಇನ್ನೊಬ್ಬರು ತೆಗೆದು ಹಂಚಬಹುದು. ಆದ್ದರಿಂದ ಅಂಥ ಬೀಗವನ್ನು ಇಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹ್ಯಾಂಡ್‌ಬ್ರೇಕ್ ಇಂಥ ಮುಕ್ತ ತಂತ್ರಾಂಶ. ಎರಿಕ್ ಪೆಟಿ ಎಂಬುವರು 2003ರಲ್ಲಿ ಇದನ್ನು ಮೊದಲು ಬರೆದರು. ‘1.0’ ಎಂಬ ಅಂಕಿಯನ್ನು ಧರಿಸಲು ಅದು 2016ರ ಡಿಸೆಂಬರ್ 24ರವರೆಗೆ, ಹದಿಮೂರು ವರ್ಷ ಕಾಯಿತು. ಅವಸರವಿಲ್ಲದವರ ಕೆಲಸವೆಂದು ಇದರಿಂದಲೇ ತಿಳಿಯಬಹುದು. ಹ್ಯಾಂಡ್‌ಬ್ರೇಕ್ ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರರಲ್ಲೂ ಒಂದೇ ಬಗೆಯಲ್ಲಿ ನಡೆಯುವುದರಿಂದ, ಮ್ಯಾಕ್‌ನಲ್ಲಿ ಕಲಿತದ್ದು ಶಾಲೆಯ ಬೇರೆ ಗಣಕಯಂತ್ರಗಳಿಗೂ ಒದಗುತ್ತದೆ. ಶಾಲೆಗಳ ದೃಷ್ಟಿಯಿಂದ ಇದನ್ನು ನಾನು ದೊಡ್ಡ ಗುಣವೆಂದೇ ಎಣಿಸುತ್ತೇನೆ. ದಾನವಾಗಿ ಬಂದ ಮ್ಯಾಕ್ ಒಂದು ದಿನ ಕೆಡುತ್ತದೆ. ಕಲಿತ ಕೆಲಸ ಕೆಡಬಾರದು.

ವಿಎಲ್‌ಸಿಯನ್ನು ಬಹುತೇಕರು ಬಲ್ಲರು. ಕಿತ್ತಳೆ ಬಣ್ಣದ ಶಂಕುವಿನ ಗುರುತಿನ ಈ ತಂತ್ರಾಂಶ 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾಗಿ 2001ರಲ್ಲಿ ಮುಕ್ತವಾಯಿತು. ಮುದ್ರಿಕೆಯಲ್ಲಿ ಏನಿದೆಯೆಂದು ನೋಡಲು ಇದಕ್ಕಿಂತ ಒಳ್ಳೆಯ ಸಾಧನ ಬೇರೊಂದಿಲ್ಲ. ಪರಿವರ್ತಿಸುವ ಸೌಲಭ್ಯವೂ ಇದೆಯಾದರೂ ಅದು ಅದರ ಮುಖ್ಯ ಕಸುಬಲ್ಲ. ಧ್ವನಿ ದೃಶ್ಯಗಳು ಹಿಂದುಮುಂದಾದ ಪ್ರಸಂಗಗಳನ್ನು ಕಂಡಿದ್ದೇನೆ. ನೋಡಲು ವಿಎಲ್‌ಸಿ, ಮಾಡಲು ಹ್ಯಾಂಡ್‌ಬ್ರೇಕ್ ಎಂದು ಹಂಚಿಕೊಂಡರೆ ಸಾಕು.

ಮೂರನೆಯದು ಮೇಕ್‌ಎಂಕೆವಿ. ಇದು ಪೂರ್ತಿಯಾಗಿ ಮುಕ್ತವಲ್ಲ, ಆದರೆ ಡಿವಿಡಿಯ ಮಟ್ಟಿಗೆ ಉಚಿತ; ಕಾಲಮಿತಿಯಾಗಲಿ ನೀರ್ಗುರುತಾಗಲಿ ಇಲ್ಲ. ಇದು ದೃಶ್ಯವನ್ನು ಕುಗ್ಗಿಸದೆ, ಮುದ್ರಿಕೆಯಲ್ಲಿದ್ದ ಎಂಪೆಗ್-2 ರೂಪದಲ್ಲಿಯೇ ಎತ್ತಿ ಎಂಕೆವಿ ಎಂಬ ಹೊಸ ಪೆಟ್ಟಿಗೆಯಲ್ಲಿಡುತ್ತದೆ. ಗುಣಮಟ್ಟ ಒಂದಿಷ್ಟೂ ಕುಂದದು, ಗಾತ್ರವೂ ತಗ್ಗದು. ಇವುಗಳ ಹಿಂದೆ ನಿಂತು ದುಡಿಯುವ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಮುಕ್ತ ಸಾಧನವಿದೆ. ಆದೇಶಗಳನ್ನು ಅಕ್ಷರದಲ್ಲಿ ಬರೆದು ಕೊಡಬೇಕಾಗುವುದರಿಂದ ಆಸಕ್ತರಿಗೆ ಮಾತ್ರ.

ಹಳೆಯ ಪುಸ್ತಕಗಳಲ್ಲಿಯೂ ಲೇಖನಗಳಲ್ಲಿಯೂ ಸಿಗುವ ಮ್ಯಾಕ್ ತಂತ್ರಾಂಶಗಳ ಪಟ್ಟಿಗಳನ್ನು ಎಚ್ಚರಿಕೆಯಿಂದ ನೋಡಬೇಕು. ಒಂದು ಕಾಲಕ್ಕೆ ಎಲ್ಲರೂ ಹೊಗಳುತ್ತಿದ್ದ ಎಂಪೆಗ್ ಸ್ಟ್ರೀಮ್‌ಕ್ಲಿಪ್ 32 ಬಿಟ್‌ನ ತಂತ್ರಾಂಶ. 2019ರ ಕ್ಯಾಟಲಿನಾದಿಂದ ಆಪಲ್ ಅಂಥವನ್ನೆಲ್ಲ ನಿಲ್ಲಿಸಿತು. ಮ್ಯಾಕ್ ಜೊತೆಗೇ ಬರುವ ಕ್ವಿಕ್‌ಟೈಮ್ ಡಿವಿಡಿಯನ್ನು ಪರಿವರ್ತಿಸುವುದಿಲ್ಲ. ಹಳೆಯ ಯಂತ್ರದಲ್ಲಿ ಹ್ಯಾಂಡ್‌ಬ್ರೇಕ್‌ನ ಇತ್ತೀಚಿನ ಆವೃತ್ತಿ ತೆರೆಯದಿದ್ದರೆ ಅದರ ಹಳೆಯ ಆವೃತ್ತಿಗಳೂ ಅಧಿಕೃತವಾಗಿಯೇ ದೊರೆಯುತ್ತವೆ.

‘ಅಧಿಕೃತವಾಗಿ’ ಎಂಬ ಪದಕ್ಕೆ ಒತ್ತು ಕೊಡುವ ಕಾರಣವಿದೆ. 2017ರ ಮೇ 2ರಿಂದ 6ರವರೆಗೆ ಹ್ಯಾಂಡ್‌ಬ್ರೇಕ್‌ನದೇ ಒಂದು ಇಳಿಕೆ ಸರ್ವರಿಗೆ ಕಳ್ಳರು ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶ ಬೆರೆಸಿದ ಕಡತವನ್ನಿಟ್ಟರು. ಆ ದಿನಗಳಲ್ಲಿ ಇಳಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿಗೆ ಅದು ತಗಲುವ ಸಂಭವವಿತ್ತು. ಮ್ಯಾಕ್ ತಂತ್ರಾಂಶಗಳನ್ನೇ ತಯಾರಿಸುವ ಪ್ಯಾನಿಕ್ ಎಂಬ ಸಂಸ್ಥೆಯ ಸ್ಥಾಪಕರೊಬ್ಬರು ಅದನ್ನು ಇಳಿಸಿಕೊಂಡು, ತಮ್ಮ ಸಂಸ್ಥೆಯ ಆಕರ ಸಂಹಿತೆಯನ್ನೇ ಕಳವು ಮಾಡಿಸಿಕೊಂಡರು. ಬಲ್ಲವರಿಗೇ ಹೀಗಾಗಿರುವಾಗ ನಮ್ಮ ಮಾತೇನು! ಮುಕ್ತ ತಂತ್ರಾಂಶವೆಂದರೆ ಕಣ್ಣುಮುಚ್ಚಿ ನಂಬಬಹುದೆಂದು ಅರ್ಥವಲ್ಲ. ಕಣ್ಣು ತೆರೆದು ಪರೀಕ್ಷಿಸಲು ಅದು ಅವಕಾಶ ಕೊಡುತ್ತದೆ. ಪ್ರತಿ ಆವೃತ್ತಿಯ ಜೊತೆಗೆ ‘ಎಸ್‌ಎಚ್‌ಎ 256’ ಎಂಬ ಅರವತ್ತನಾಲ್ಕು ಅಕ್ಷರಗಳ ಬೆರಳಚ್ಚನ್ನು ಪ್ರಕಟಿಸುತ್ತಾರೆ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆದೇಶದಿಂದ ನಾವು ಇಳಿಸಿಕೊಂಡ ಕಡತದ ಬೆರಳಚ್ಚನ್ನು ತೆಗೆದು ಹೋಲಿಸಬಹುದು. ಒಂದು ಅಕ್ಷರ ಬೇರೆಯಾದರೂ ಕಡತವನ್ನು ಅಳಿಸಬೇಕು. ಹ್ಯಾಂಡ್‌ಬ್ರೇಕ್‌ನ ಅಧಿಕೃತ ತಾಣದ ಹೆಸರು ‘ಎಫ್‌ಆರ್’ ಎಂದು ಕೊನೆಗೊಳ್ಳುತ್ತದೆ. ಅದೇ ಹೆಸರನ್ನು ಹೊತ್ತು ‘ಕಾಮ್’ ಎಂದೋ ಮತ್ತೊಂದೆಂದೋ ಕೊನೆಗೊಳ್ಳುವ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬಾರದು. ತೆರೆಯುವಾಗ ಮ್ಯಾಕ್ ತಾನಾಗಿ ತಡೆದರೆ, ಆ ತಡೆಯನ್ನು ದಾಟುವ ದಾರಿ ಹುಡುಕುವ ಬದಲು ಕಡತ ಎಲ್ಲಿಂದ ಬಂತೆಂದು ಮೊದಲು ನೋಡಿ.

ಮೊದಲು ಪೂರ್ಣ ಪ್ರತಿ, ಆಮೇಲೆ ಪರಿವರ್ತನೆ

ನನ್ನ ತಪ್ಪಿನಿಂದ ನಾನು ರೂಢಿಸಿಕೊಂಡ ಕ್ರಮವಿದು. ಸ್ವಂತ ಚಿತ್ರೀಕರಣದ ಡಿವಿಡಿಯನ್ನು ನೇರವಾಗಿ ಪರಿವರ್ತಕಕ್ಕೆ ಕೊಡಬಾರದು. ಮೊದಲು ಮುದ್ರಿಕೆಯ ಸಂಪೂರ್ಣ ಪ್ರತಿಬಿಂಬವನ್ನು ಗಣಕಯಂತ್ರದಲ್ಲಿ ಇಳಿಸಿಕೊಳ್ಳಬೇಕು. ಇದಕ್ಕೆ ಹೊಸ ತಂತ್ರಾಂಶ ಬೇಕಾಗಿಲ್ಲ. ಮ್ಯಾಕ್‌ನಲ್ಲಿಯೇ ಇರುವ ಡಿಸ್ಕ್ ಯುಟಿಲಿಟಿಯಲ್ಲಿ ಡಿವಿಡಿಯನ್ನು ಆಯ್ದು, ಫೈಲ್ ಪಟ್ಟಿಯಿಂದ ಹೊಸ ಪ್ರತಿಬಿಂಬವನ್ನು ಆರಿಸಿ, ಸ್ವರೂಪದಲ್ಲಿ ‘ಡಿವಿಡಿ/ಸಿಡಿ ಮಾಸ್ಟರ್’ ಎಂಬುದನ್ನು ಗುರುತಿಸಿದರೆ ‘ಸಿಡಿಆರ್’ ಎಂದು ಕೊನೆಗೊಳ್ಳುವ ಒಂದೇ ಕಡತ ಸಿದ್ಧವಾಗುತ್ತದೆ. ಒಂದು ಪದರದ ಡಿವಿಡಿಯ ಹಿಡಿತ 4.7 ಗಿಗಾಬೈಟ್, ಎರಡು ಪದರದ್ದು 8.5. ಅಷ್ಟು ಸ್ಥಳವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಆಮೇಲೆ ಆ ಕಡತದ ಮೇಲೆ ಎರಡು ಬಾರಿ ಒತ್ತಿದರೆ ಡಿವಿಡಿಯೇ ತೆರೆದಂತೆ ತೆರೆದುಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್‌ಗೆ ಅದನ್ನೇ ತೋರಿಸಿ. ಪರಿವರ್ತನೆ ಹತ್ತು ಸಲ ಕೆಟ್ಟರೂ ಮುದ್ರಿಕೆಗೆ ಶ್ರಮವಿಲ್ಲ. ಅದು ತನ್ನ ಡಬ್ಬಿಗೆ ಮರಳಿರುತ್ತದೆ.

ಮುದ್ರಿಕೆ ಮಧ್ಯದಲ್ಲಿ ತಡವರಿಸಿ ಪ್ರತಿಬಿಂಬ ನಿಂತುಹೋದರೆ ಮತ್ತೆ ಮತ್ತೆ ಅದನ್ನೇ ಒತ್ತಬೇಡಿ. ಗ್ನೂ ಯೋಜನೆಯ ಡಿಡಿರೆಸ್ಕ್ಯೂ ಎಂಬ ಮುಕ್ತ ಸಾಧನವು ಸುಲಭವಾಗಿ ಓದಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳಿ ಬಂದು ಪ್ರಯತ್ನಿಸುತ್ತದೆ. ಎಲ್ಲಿ ನಿಂತೆ ಎಂಬುದನ್ನು ಬರೆದಿಟ್ಟುಕೊಳ್ಳುವುದರಿಂದ ಇಂದು ಅರ್ಧ, ನಾಳೆ ಬೇರೆ ಡ್ರೈವಿನಲ್ಲಿ ಉಳಿದರ್ಧ ಓದಿಸಬಹುದು. ಓದಲಾಗದ ನನ್ನ ಎರಡು ಮುದ್ರಿಕೆಗಳಲ್ಲಿ ಒಂದು ಹೀಗೆ ಬಹುಪಾಲು ಮರಳಿತು. ರಾಗಿ ಪದಗಳದು ಬರಲಿಲ್ಲ.

ಹ್ಯಾಂಡ್‌ಬ್ರೇಕ್‌ನಲ್ಲಿ ಮುದ್ರಿಕೆಯನ್ನು ತೆರೆದ ಕೂಡಲೇ ಅದು ಒಳಗಿರುವ ‘ಟೈಟಲ್’ಗಳನ್ನು ಎಣಿಸಿ, ಅತಿ ಉದ್ದವಾದುದನ್ನು ಮುಖ್ಯವೆಂದು ಆರಿಸುತ್ತದೆ. ಚಲನಚಿತ್ರಕ್ಕೆ ಇದು ಸರಿ. ಶಾಲಾ ವಾರ್ಷಿಕೋತ್ಸವಕ್ಕೆ ಸರಿಯಲ್ಲ; ಪ್ರಾರ್ಥನೆ ಒಂದು ಟೈಟಲ್, ನಾಟಕ ಮತ್ತೊಂದು, ಬಹುಮಾನ ವಿತರಣೆ ಇನ್ನೊಂದು. ಅತಿ ಉದ್ದದ್ದು ಸಾಮಾನ್ಯವಾಗಿ ಅತಿಥಿಗಳ ಭಾಷಣವೇ ಆಗಿರುತ್ತದೆ! ಪಟ್ಟಿಯನ್ನು ಇಳಿಸಿ ಎಲ್ಲವನ್ನೂ ನೋಡಿ, ಬೇಕಾದವನ್ನೆಲ್ಲ ಸರದಿಗೆ ಸೇರಿಸಬೇಕು. ಡಿವಿಡಿಯ ಆರಂಭದ ಮೆನು ಹೊಸ ಕಡತಕ್ಕೆ ಬರುವುದಿಲ್ಲ. ಸ್ಟುಡಿಯೋದವರು ಮೆನುವಿನಲ್ಲಿ ಮಕ್ಕಳ ಹೆಸರುಗಳನ್ನು ಬರೆದಿದ್ದರೆ ಅವನ್ನು ಕೈಯಿಂದ ಬರೆದಿಟ್ಟುಕೊಳ್ಳಿ.

ಧ್ವನಿಯ ಪುಟವನ್ನು ಬಿಡುವಂತಿಲ್ಲ. ಡಿವಿಡಿಯಲ್ಲಿ ಪ್ರತಿ ಧ್ವನಿಗೂ ಎರಡಕ್ಷರದ ಭಾಷಾ ಗುರುತಿಗೆ ಸ್ಥಳವಿದೆ. ಕನ್ನಡದ್ದು ‘ಕೆ ಎನ್’. ಆದರೆ ನಮ್ಮ ಕಡೆ ತಯಾರಾದ ಎಷ್ಟೋ ಮುದ್ರಿಕೆಗಳಲ್ಲಿ ಯಾರೂ ಅದನ್ನು ತುಂಬಿಲ್ಲ. ಕನ್ನಡದ ಧ್ವನಿ ‘ಅಜ್ಞಾತ’ ಎಂದೋ ‘ಇಂಗ್ಲಿಷ್’ ಎಂದೋ ಕಾಣಿಸುತ್ತದೆ. ಹೆಸರು ನೋಡಿ ತೆಗೆದುಹಾಕದೆ ಕಿವಿಯಿಂದ ಕೇಳಿ ಆರಿಸಬೇಕು. ಧ್ವನಿಯನ್ನು ಎಎಸಿಗೆ ಬದಲಿಸಿ; ಡಿವಿಡಿಯ ಎಸಿ-3 ಧ್ವನಿಯನ್ನು ಹಾಗೆಯೇ ಬಿಟ್ಟರೆ ಕೆಲವು ಫೋನುಗಳಲ್ಲಿ ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ. ಉಪಶೀರ್ಷಿಕೆಗಳು ಡಿವಿಡಿಯಲ್ಲಿ ಅಕ್ಷರಗಳಲ್ಲ, ಚಿತ್ರಗಳು. ಆದ್ದರಿಂದ ಅವನ್ನು ಪಠ್ಯವಾಗಿ ನಕಲಿಸಲಾಗದು, ದೃಶ್ಯದ ಮೇಲೆಯೇ ಅಚ್ಚೊತ್ತಬಹುದು.

ದೃಶ್ಯಕ್ಕೆ ಸಿದ್ಧ ಮಾದರಿಗಳ ಪಟ್ಟಿಯಿಂದ ‘ಫಾಸ್ಟ್ 576ಪಿ25’ ಎಂಬುದನ್ನು ಆರಿಸಬಹುದು. ಭಾರತದ ಡಿವಿಡಿಗಳು ಪಾಲ್ ಪದ್ಧತಿಯವು: 720 × 576 ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು. ಇದಕ್ಕಿಂತ ದೊಡ್ಡ ಮಾದರಿ ಆರಿಸಿದರೆ ಕಡತ ಊದಿಕೊಳ್ಳುತ್ತದೆಯೇ ಹೊರತು ಇಲ್ಲದ ಸ್ಪಷ್ಟತೆ ಬರುವುದಿಲ್ಲ. ಗುಣಮಟ್ಟದ ಆರ್‌ಎಫ್ ಅಂಕಿ ಈ ಅಳತೆಯ ಚಿತ್ರಕ್ಕೆ 18ರಿಂದ 22ರ ಒಳಗಿರಲಿ. ಅಂಕಿ ಇಳಿದಷ್ಟೂ ಗುಣಮಟ್ಟವೂ ಗಾತ್ರವೂ ಏರುತ್ತವೆ. ಸೆಕೆಂಡಿಗೆ ಐದು ಮೆಗಾಬಿಟ್‌ನಂತೆ ಬರೆದ ಒಂದು ಗಂಟೆಯ ಡಿವಿಡಿ ದೃಶ್ಯ 2.25 ಗಿಗಾಬೈಟ್ ಆಗುತ್ತದೆ. ಹ್ಯಾಂಡ್‌ಬ್ರೇಕ್ ಅದನ್ನು ಸಾಮಾನ್ಯವಾಗಿ ಅರ್ಧಕ್ಕಿಂತಲೂ ಚಿಕ್ಕದಾಗಿಸುತ್ತದೆ. ಸಂಕೇತಕಗಳಲ್ಲಿ ‘ವಿಡಿಯೋಟೂಲ್‌ಬಾಕ್ಸ್’ ಎಂದಿರುವುದು ಮ್ಯಾಕ್‌ನ ಯಂತ್ರಾಂಶವನ್ನು ಬಳಸಿ ಬೇಗ ಮುಗಿಸುತ್ತದೆ. ‘ಎಕ್ಸ್264’ ನಿಧಾನ, ಆದರೆ ಅದೇ ಗಾತ್ರದಲ್ಲಿ ಚಿತ್ರ ಮೇಲು. ಒಂದೇ ಬಾರಿ ಮಾಡುವ ಕೆಲಸಕ್ಕೆ ನಿಧಾನವೇ ಲೇಸು. ರಾತ್ರಿ ಹಚ್ಚಿಟ್ಟು ಬೆಳಗ್ಗೆ ನೋಡಿದರಾಯಿತು.

ಕೋಲಾಟದ ಡಿವಿಡಿಯಲ್ಲಿ ಕೋಲುಗಳ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದನ್ನು ಕೆಲವರು ಮುದ್ರಿಕೆ ಕೆಟ್ಟಿದೆಯೆಂದು ತಿಳಿಯುತ್ತಾರೆ. ಕೆಟ್ಟಿಲ್ಲ. ಹಳೆಯ ಕ್ಯಾಮೆರಾಗಳು ಒಂದು ಚಿತ್ರವನ್ನು ಬೆಸ ಸಾಲುಗಳು, ಸಮ ಸಾಲುಗಳು ಎಂದು ಎರಡು ಕ್ಷಣಗಳಲ್ಲಿ ಹಿಡಿಯುತ್ತಿದ್ದವು. ಹಳೆಯ ಟಿವಿಯಲ್ಲಿ ಅದು ತಿಳಿಯುತ್ತಿರಲಿಲ್ಲ, ಗಣಕಯಂತ್ರದ ಪರದೆಯಲ್ಲಿ ತಿಳಿಯುತ್ತದೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ಪುಟದಲ್ಲಿ ‘ಡಿಕೋಂಬ್’ ಚಾಲೂ ಇದೆಯೇ ಎಂದು ನೋಡಿ. ವೇಗದ ಕುಣಿತಕ್ಕೆ ಅದರಲ್ಲಿಯೇ ‘ಬಾಬ್’ ಎಂಬುದನ್ನು ಆರಿಸಿ, ಚಿತ್ರಗಳ ವೇಗವನ್ನು 25ರಿಂದ 50ಕ್ಕೆ ಬದಲಿಸಿದರೆ ಆ ಎರಡೂ ಕ್ಷಣಗಳು ಉಳಿದು ಚಲನೆ ನಯವಾಗುತ್ತದೆ. 25ನ್ನೇ ಬಿಟ್ಟರೆ ಬಾಬ್‌ನ ಪ್ರಯೋಜನ ಸಿಗದು. ಮುಖಗಳು ಅಗಲವಾಗಿಯೋ ಕೋಲಾಗಿಯೋ ಕಂಡರೆ ಆಕಾರದ ಅನುಪಾತ ತಪ್ಪಿದೆ ಎಂದರ್ಥ. ಮುನ್ನೋಟದಲ್ಲಿ ಅದನ್ನು ಪರೀಕ್ಷಿಸಬೇಕು. ಇಡೀ ಕಾರ್ಯಕ್ರಮಕ್ಕೆ ಕೈಹಾಕುವ ಮೊದಲು ಒಂದು ನಿಮಿಷದ ತುಣುಕನ್ನು ಪರಿವರ್ತಿಸಿ ತರಗತಿಯ ಟಿವಿಯಲ್ಲೇ ಹಾಕಿ ನೋಡಿ. ಮುಗಿದ ಮೇಲೆ ಆರಂಭ, ನಡು, ಕೊನೆ ಮೂರನ್ನೂ ನೋಡಿ. ನಾನು ಕೊನೆಯನ್ನು ನೋಡಿರಲಿಲ್ಲ.

ಪೆನ್‌ಡ್ರೈವ್ ಫ್ಯಾಟ್32 ಸ್ವರೂಪದ್ದಾದರೆ ನಾಲ್ಕು ಗಿಗಾಬೈಟಿಗೂ ಮಿಗಿಲಾದ ಒಂದೇ ಕಡತವನ್ನು ಹಿಡಿಯದು. ಆದ್ದರಿಂದ ತರಗತಿಗೆ ಒಯ್ಯುವುದು ಚಿಕ್ಕ ಎಂಪಿ4 ಕಡತ, ಶಾಲೆಯಲ್ಲಿ ಉಳಿಯುವುದು ದೊಡ್ಡ ಪ್ರತಿಬಿಂಬ. ಕಡತದ ಹೆಸರನ್ನು ಕನ್ನಡದಲ್ಲಿಯೇ ಇಡಬೇಕೆಂಬ ಆಸೆ ಸಹಜ. ಮ್ಯಾಕ್ ಅದನ್ನು ಸರಿಯಾಗಿ ತೋರಿಸುತ್ತದೆ. ಕೆಲವು ಟಿವಿಗಳು ಖಾಲಿ ಚೌಕಗಳನ್ನು ತೋರಿಸುತ್ತವೆ. ಹೆಸರಿನ ಮೊದಲಲ್ಲಿ ವರ್ಷವನ್ನೂ ಕ್ರಮಸಂಖ್ಯೆಯನ್ನೂ ಅಂಕಿಯಲ್ಲಿ ಬರೆದರೆ ಚೌಕಗಳ ನಡುವೆಯೂ ಗುರುತು ಸಿಗುತ್ತದೆ.

ಯಾವುದನ್ನು ಪರಿವರ್ತಿಸಬೇಕು, ಯಾವುದನ್ನು ಬಿಡಬೇಕು

ಮಾರುಕಟ್ಟೆಯ ಚಲನಚಿತ್ರ ಡಿವಿಡಿಗಳಲ್ಲಿ ಹಲವಕ್ಕೆ ‘ಸಿಎಸ್‌ಎಸ್’ ಎಂಬ ಗೂಢಲಿಪಿಯ ಬೀಗವಿರುತ್ತದೆ. ಹ್ಯಾಂಡ್‌ಬ್ರೇಕ್ ತಾನಾಗಿ ಆ ಬೀಗವನ್ನು ತೆಗೆಯುವುದಿಲ್ಲ. ಚಿತ್ರ ಚೂರುಚೂರಾಗಿ ಬಂದರೆ ಕಾರಣ ಅದೇ. ತೆಗೆಯುವ ಸಾಧನಗಳು ಇವೆ. ಅವುಗಳ ಬಳಕೆಯನ್ನು ನಾನು ಇಲ್ಲಿ ವಿವರಿಸುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವುದನ್ನು ಎರಡು ವರ್ಷಗಳವರೆಗಿನ ಸೆರೆವಾಸಕ್ಕೂ ದಂಡಕ್ಕೂ ಗುರಿಯಾದ ಅಪರಾಧವೆನ್ನುತ್ತದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೋ ವಿದ್ಯಾರ್ಥಿಗಳೋ ಕೃತಿಯನ್ನು ಪುನರುತ್ಪಾದಿಸುವುದಕ್ಕೆ 52ನೆಯ ಕಲಮು ವಿನಾಯಿತಿ ಕೊಡುತ್ತದೆ ಎಂಬುದೂ ನಿಜ. ಆ ವಿನಾಯಿತಿ ಎಲ್ಲಿಯವರೆಗೆ ಎಂಬ ವಾದಕ್ಕೆ ಶಾಲೆಯೊಂದು ಇಳಿಯಬೇಕಾದ ಅಗತ್ಯವೇ ಇಲ್ಲ. ಏಕೆಂದರೆ ಅದೇ ಕಲಮು ಶಾಲೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಶಾಲೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರಿಗಷ್ಟೇ ಚಲನಚಿತ್ರ ತೋರಿಸುವುದನ್ನು ಅನುಮತಿಸುತ್ತದೆ. ಕೊಂಡ ಮುದ್ರಿಕೆಯನ್ನೇ ಡ್ರೈವಿಗೆ ಹಾಕಿ ತೋರಿಸಬಹುದು. ಅಂಥ ಚಿತ್ರ ನಾಳೆ ಬೇರೆಡೆಯೂ ಸಿಗುತ್ತದೆ. ನಮ್ಮ ಸಮಯ ಸಲ್ಲಬೇಕಾದುದು ಬೇರೆಲ್ಲೂ ಸಿಗದ, ಒಂದೇ ಪ್ರತಿಯಲ್ಲಿ ಉಳಿದ, ಬೀಗವೇ ಇಲ್ಲದ ನಮ್ಮ ಊರಿನ ಮುದ್ರಿಕೆಗಳಿಗೆ.

ಅವುಗಳ ವಿಷಯದಲ್ಲಿ ಕಾನೂನಿಗಿಂತ ಮೊದಲು ಮರ್ಯಾದೆಯ ಪ್ರಶ್ನೆ ಬರುತ್ತದೆ. ಹಾಡಿದ ಅಜ್ಜಿಯನ್ನೋ ಅವರ ಮನೆಯವರನ್ನೋ ಕೇಳದೆ ಅವರ ಹಾಡನ್ನು ಫೋನಿನಿಂದ ಫೋನಿಗೆ ಹರಿಯಬಿಡುವುದು ತರವಲ್ಲ. ನಾನು ಕೇಳಿದಾಗ ಇಲ್ಲವೆಂದವರು ಒಬ್ಬರೇ. ತಮ್ಮ ಹಾಡು ಶಾಲೆಯ ಮಕ್ಕಳಿಗಿರಲಿ, ಊರ ಬಾಯಿಗೆ ಬೇಡ ಎಂದರು, ಹಾಗೆಯೇ ಇಟ್ಟಿದ್ದೇವೆ. ಉಳಿದವರೆಲ್ಲ ತಮಗೂ ಒಂದು ಪ್ರತಿ ಬೇಕೆಂದರು. ಎಂಪಿ4 ಆದ ಮೇಲೆ ಅದು ಅವರ ಮೊಮ್ಮಕ್ಕಳ ಫೋನಿನಲ್ಲಿಯೇ ತೆರೆದುಕೊಳ್ಳುತ್ತದೆ.

ತರಗತಿಯಲ್ಲಿ ಇಡೀ ಗಂಟೆಯ ದೃಶ್ಯ ಬೇಡ. ಹ್ಯಾಂಡ್‌ಬ್ರೇಕ್‌ನ ‘ರೇಂಜ್’ನಲ್ಲಿ ಸೆಕೆಂಡುಗಳನ್ನು ನಮೂದಿಸಿ ಮೂರು ನಿಮಿಷದ ಒಂದು ಪದವನ್ನಷ್ಟೇ ಬೇರ್ಪಡಿಸಬಹುದು. ನಾಲ್ಕನೆಯ ತರಗತಿಯಲ್ಲಿ ನಾವು ಒಂದು ಸೋಬಾನೆ ಪದವನ್ನು ಎರಡು ಬಾರಿ ಕೇಳಿಸಿ, ತಮಗೆ ತಿಳಿಯದ ಮಾತುಗಳನ್ನು ಬರೆದುಕೊಂಡು ಮನೆಯಲ್ಲಿ ಕೇಳಿ ಬರುವಂತೆ ಹೇಳಿದೆವು. ಮರುದಿನ ಒಂದೇ ಪದಕ್ಕೆ ಮೂರು ಮನೆಗಳಿಂದ ಮೂರು ಅರ್ಥಗಳು ಬಂದವು. ಅಂದಿನ ವ್ಯಾಕರಣ ಪಾಠ ನಡೆಯಲಿಲ್ಲ.

ಕೊನೆಯದಾಗಿ ದಾಖಲೆಯ ವಿಚಾರ. ಪ್ರತಿ ಮುದ್ರಿಕೆಗೂ ಶಾಲೆಯ ದಾಸ್ತಾನು ಪುಸ್ತಕದಲ್ಲಿ ಒಂದು ಸಾಲು ಮೀಸಲಿಡಬೇಕು: ಏನು, ಎಲ್ಲಿ, ಯಾರು ಹಾಡಿದ್ದು ಅಥವಾ ಆಡಿದ್ದು, ಪ್ರತಿಬಿಂಬ ತೆಗೆದ ದಿನಾಂಕ, ಒಪ್ಪಿಗೆ ಕೊಟ್ಟವರು, ಪ್ರತಿಗಳು ಎಲ್ಲೆಲ್ಲಿವೆ. ಪ್ರತಿಗಳು ಒಂದೇ ಕಪಾಟಿನಲ್ಲಿರಬಾರದು. ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಶಾಲೆಯಲ್ಲಿಯೋ ಮುಖ್ಯೋಪಾಧ್ಯಾಯರ ಬಳಿಯೋ ಇರಲಿ. ದಿನಾಂಕ ತಿಳಿಯದ ಮುದ್ರಿಕೆಗಳಿಗೆ ದೃಶ್ಯದೊಳಗೇ ಸುಳಿವು ಸಿಗುತ್ತದೆ. ಹಳೆಯ ಟೇಪಿನಿಂದ ಡಿವಿಡಿಗೆ ಇಳಿಸಿದ ಒಂದು ನಾಟಕದಲ್ಲಿ ವೇದಿಕೆಯ ಹಿಂದಿನ ಬ್ಯಾನರಿನ ಮೇಲೆ ಶಾಲೆಯ ಹೆಸರಿನ ಕೆಳಗೆ ‘ಧರ್ಮಪುರಿ ಜಿಲ್ಲೆ’ ಎಂದಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರ ಫೆಬ್ರವರಿಯಲ್ಲಿ. ಆದ್ದರಿಂದ ನಾಟಕ ಅದಕ್ಕೂ ಹಿಂದಿನದೆಂದು ದಾಸ್ತಾನು ಪುಸ್ತಕದಲ್ಲಿ ಬರೆದೆವು. ಅದರಲ್ಲಿ ಕುಂತಿಯ ಪಾತ್ರ ಮಾಡಿದ್ದ ಹುಡುಗಿಯ ಮಗ ಈಗ ನಮ್ಮ ಐದನೆಯ ತರಗತಿಯಲ್ಲಿದ್ದಾನೆ. ಅವನ ತಾಯಿ ಬಂದು ನೋಡಿ, ವರ್ಷವನ್ನೂ ಉಳಿದ ಪಾತ್ರಧಾರಿಗಳ ಹೆಸರುಗಳನ್ನೂ ತಾವೇ ಹೇಳಿ ಬರೆಸಿದರು.